ಗುಡಾರದಲ್ಲಿ ಕೂರದವಳು

ಮರದ ಕತ್ತಿ ಈ ಸಲವೂ ಅವಳ ಕುತ್ತಿಗೆಯವರೆಗೆ ಬಂದು, ಗೇಣು ದೂರದಲ್ಲೇ ನಿಂತಿತು.

"ನೊಣ ಓಡಿಸ್ತಿದ್ದೀರಾ ಮಾಸ್ಟರ್?" ಎಂದಳು ಚಂಡಿ.

ಅವಳು ಒಂದು ಗೇಮ್ ಕಂಪನಿಯ ಟೆಸ್ಟರ್. ದಿನವಿಡೀ ಆಡಿ ತಪ್ಪು ಹುಡುಕುವುದು ಕೆಲಸ, ಸಿಕ್ಕ ಮೇಲೆ ಜಗಳವಾಡುವುದು ಸ್ವಭಾವ. ಅಡ್ಡಹೆಸರು ಬಂದದ್ದೇ ಹಾಗೆ. ಎದುರಿಗಿದ್ದವನು ಸ್ಟಂಟ್ ಮಾಸ್ಟರ್. ಇಬ್ಬರದೂ ಬಿಳಿ ಮಣಿ ಅಂಟಿಸಿದ ಕಪ್ಪು ಉಡುಪು. ಗೋಡೆಯ ಕ್ಯಾಮೆರಾಗಳು ಆ ಮಣಿಗಳನ್ನೇ ನೋಡುತ್ತವೆ. ಇವರು ಕೈ ಎತ್ತಿದರೆ ಪರದೆಯ ಗೊಂಬೆಗಳೂ ಎತ್ತುತ್ತವೆ. ಆಟದ ನಾಯಕ, ನಾಯಕಿ ಆಗುವುದು ಆ ಗೊಂಬೆಗಳೇ.

ಬೆಳಿಗ್ಗೆ ಮೀಟಿಂಗಿನಲ್ಲಿ ಕಿಡಿ ಹೊತ್ತಿತ್ತು. "ಹುಡುಗೀರಿಗೆ ಬೇಕಿರೋದು ಚಂದದ ಹುಡುಗ, ಚಂದದ ಬಟ್ಟೆ," ಎಂದಿದ್ದ ಮ್ಯಾನೇಜರ್. "ಯುದ್ಧ ಬಂದಾಗ ನಾಯಕಿ ಗುಡಾರದಲ್ಲಿರ್ಲಿ."

"ಹುಡುಗ ಚಂದ ಇರ್ಲೇಬೇಕು ಸರ್. ಅವನು ಸಿಗ್ಲಿ ಅಂತ ಆಟದಲ್ಲಿ ತಿಂಗಳುಗಟ್ಟಲೆ ಹರಳು ಕೂಡಿಟ್ಟು ಅದೃಷ್ಟದ ಚಕ್ರ ತಿರುಗಿಸ್ತೀವಿ. ಬಟ್ಟೆನೂ ಬೇಕು. ಆದ್ರೆ ಅದಕ್ಕೆ ಮೆತ್ತಿರೋ ರಕ್ತ ನಾನೇ ಕಡಿದೋರದ್ದಾಗಿರ್ಬೇಕು," ಎಂದಿದ್ದಳು ಚಂಡಿ.

ನೀನೇ ಕಾದಾಡಿ ತೋರಿಸು ಎಂದು ಮ್ಯಾನೇಜರ್ ಸಂಜೆಯವರೆಗೆ ಟೈಮ್ ಕೊಟ್ಟಿದ್ದ. ಅವಳು ಹೇಳಿದ ದೃಶ್ಯ ಇದು: ಶಾಪ ತಗುಲಿ ಬುದ್ಧಿ ಕೆಟ್ಟ ನಾಯಕ ಕೊಲ್ಲಲು ಬರುತ್ತಾನೆ, ನಾಯಕಿ ಅವನನ್ನು ಬಡಿದು ಕೆಡವಿ ಉಳಿಸಿಕೊಳ್ಳುತ್ತಾಳೆ. ಆ ಕಾಳಗ ನಂಬುವಂತೆ ಬಂದರೆ ಸರಿ, ಇಲ್ಲದಿದ್ದರೆ ನಾಯಕಿಗೆ ಗುಡಾರವೇ ಗತಿ.

ನಂಬುವಂತೆ ಬರುತ್ತಿರಲಿಲ್ಲ. ಚಂಡಿಗೆ ಪಟ್ಟುಗಳನ್ನೆಲ್ಲ ಕಲಿಸಿದವನು ಈ ಮಾಸ್ಟರೇ. ಆಳೆತ್ತರದ ಗಂಡಸರನ್ನು ಗೋಡೆಗೆ ಎಸೆಯುವವನು ಅವಳ ಮುಂದೆ ಮಾತ್ರ ಬೆಣ್ಣೆಯಾಗುತ್ತಿದ್ದ.

ಅವಳಿಗೆ ರೇಗಿಹೋಯಿತು. ಭುಜಕ್ಕೊಂದು ಬಿಟ್ಟಳು, ಪಕ್ಕೆಗೊಂದು. ಕತ್ತಿಯ ಹಿಡಿ ತಗುಲಿ ಅವನ ತುಟಿ ಒಡೆಯಿತು. ಚಾಪೆಯ ಮೇಲೆ ರಕ್ತ ತೊಟ್ಟಿಕ್ಕಿದರೂ ಅವನ ಕತ್ತಿ ಏಳಲಿಲ್ಲ. ಕಾಲಿಗೆ ಕಾಲು ಕೊಟ್ಟು ಕೆಡವಿ, ಎದೆಯ ಮೇಲೆ ಮಂಡಿಯೂರಿದಳು.

"ಯಾಕೆ ಹೊಡೀತಿಲ್ಲ?"

"ನಿಮ್ಮ ಮೇಲೆ ಕೈ ಏಳಲ್ಲ."

"ಅದೇ ಯಾಕೆ ಅಂತ."

ಅವನು ಅವಳ ಹಣೆಗಂಟಿದ ಕೂದಲು ನೋಡಿದ, ಕಣ್ಣು ನೋಡಿದ, ಸಿಕ್ಕಿಬಿದ್ದ ಕಳ್ಳನಂತೆ ಚಾವಣಿ ನೋಡಿದ.

"ಇಷ್ಟ. ಬಹಳ ದಿನದಿಂದ."

"ಗೊತ್ತು. ಕ್ಯಾಂಟೀನಿನವನಿಗೂ ಗೊತ್ತು." ಅವಳು ಅವನ ಎದೆಯಿಂದ ಮಂಡಿ ತೆಗೆದಳು. "ನಂಗೂ ಇಷ್ಟ. ಅದಕ್ಕೇ ಹೇಳ್ತೀನಿ ಕೇಳು. ಕೈ ತಡೆದಾಗೆಲ್ಲ ನೀನೂ ನನ್ನನ್ನ ಗುಡಾರದಲ್ಲಿ ಕೂರಿಸ್ತಿದ್ದೀಯ. ನಾನು ತಡ್ಕೋತೀನಿ ಅನ್ನೋ ನಂಬಿಕೆ ಇದ್ರೆ ಎದ್ದು ಬಾ."

ಅವನು ತುಟಿ ಒರೆಸಿಕೊಂಡು ಎದ್ದ.

ಮೊದಲ ಏಟನ್ನು ತಡೆದಾಗಲೇ ಅವಳ ಮುಂಗೈ ಮರಗಟ್ಟಿತು. ಎರಡನೆಯದು ಜಾರಿ ಹುಬ್ಬು ಸೀಳಿತು. ಕಣ್ಣಿಗಿಳಿದ ರಕ್ತವನ್ನು ತೋಳಿನಿಂದ ಒರೆಸಿ, ಚಂಡಿ ನಗುತ್ತಾ ಮುನ್ನುಗ್ಗಿದಳು. ಕತ್ತಿಗೆ ಕತ್ತಿ ಅಪ್ಪಳಿಸಿ ಸಿಬಿರು ಹಾರಿತು. ಪರದೆಯ ಮೇಲೆ ಮುಖವಿಲ್ಲದ ಗೊಂಬೆಗಳೆರಡು ಸಾಯುವವರಂತೆ ಬಡಿದಾಡಿದವು. ಕೊನೆಗೆ ಅವನ ಕತ್ತಿ ಮುರಿಯಿತು. ಅವಳು ಅವನನ್ನು ಎತ್ತಿ ಒಗೆದು, ಕುತ್ತಿಗೆಗೆ ಕತ್ತಿಯಿಟ್ಟು ಅಲ್ಲೇ ತಡೆದಳು.

ಬಾಗಿಲ ಬಳಿ ನಿಂತು ನೋಡುತ್ತಿದ್ದ ಮ್ಯಾನೇಜರ್ ಕೈಯಲ್ಲಿದ್ದ ಕಾಫಿ ಆರಿಹೋಗಿತ್ತು. "ಗುಡಾರ ತೆಗೆದುಹಾಕಿ," ಎಂದ ಕಂಪ್ಯೂಟರ್ ಮುಂದಿದ್ದವರಿಗೆ. ಆಮೇಲೆ ತುಸು ಸಂಕೋಚದಿಂದ, "ಕೊನೇಲಿ ಮುತ್ತು ಬೇಕಾಗುತ್ತಾ?" ಎಂದು ಕೇಳಿದ.

"ಬೇಕು ಸರ್. ಆದ್ರೆ ಮೊದಲನೇದು ಆಟಕ್ಕಲ್ಲ," ಎಂದು ಅವಳು ಎದ್ದು ಹೋಗಿ ಕ್ಯಾಮೆರಾಗಳ ಸ್ವಿಚ್ ಆರಿಸಿ ಬಂದಳು.

"ತುಟಿ ಉರಿಯುತ್ತೆ," ಎಂದ ಮಾಸ್ಟರ್, ಬಿದ್ದಲ್ಲಿಂದಲೇ.

"ತಡ್ಕೋ," ಎಂದಳು ಚಂಡಿ.