ಪಕ್ಕದಲ್ಲೊಂದು ಕೆಂಪು ಗುರುತು

"ಈಶ್ವರ್ ಅನ್ನೋರು ಯಾರ್ರೀ ಇಲ್ಲಿ?"

ರಾಯದುರ್ಗದ ಬಸ್ ಸ್ಟ್ಯಾಂಡ್ ಹಿಂದಿನ ಆ ಪುಟ್ಟ ಫ್ಲೆಕ್ಸ್ ಅಂಗಡಿಯ ಬಾಗಿಲಲ್ಲಿ ನಿಂತು ಗಂಗೋತ್ರಿ ಕೇಳಿದ ರೀತಿಗೆ, ಒಳಗಿನ ಪ್ರಿಂಟಿಂಗ್ ಮಷೀನು ಕೂಡ ಒಂದು ಕ್ಷಣ ತಡವರಿಸಿತೇನೋ!

ಕಂಪ್ಯೂಟರ್ ಮುಂದೆ ಕೂತಿದ್ದವನು ಎದ್ದು ನಿಂತ. ಎತ್ತರದ ಆಳು, ಮೊಣಕೈವರೆಗೆ ಮಡಚಿದ ಅಂಗಿ, ಸಾವಧಾನದ ಕಣ್ಣು.

"ನಾನ ರೀ. ಒಳಗ ಬರ್ರಿ. ಯಾವ ಬ್ಯಾನರ್ ಬೇಕಾಗಿತ್ತು?"

"ಬ್ಯಾನರ್ ಬೇಡ. ನನ್ನ ಹೆಸರು ನನಗೆ ಬೇಕು!"

ಅವಳು ಫೋನನ್ನು ಅವನ ಮುಖದ ಮುಂದೆ ಹಿಡಿದಳು. ಅದರಲ್ಲಿದ್ದದ್ದು ಅವಳೇ ಬರೆದ ಚಿತ್ರ. ರೇಷ್ಮೆಹುಳು ಗೂಡು ಕಟ್ಟಲೆಂದು ಬಿಡುವ ಬಿದಿರಿನ ತಟ್ಟಿಗೆ ಅವಳ ಊರಿನ ಕಡೆ ಚಂದ್ರಂಕಿ ಅನ್ನುತ್ತಾರೆ. ಹಳೆಯ ಚಂದ್ರಂಕಿಯ ಹಿಂಬದಿಗೆ ಸಗಣಿ ಸಾರಿಸಿ, ಸುಣ್ಣ ಬಳಿದು, ಅದರ ಮೇಲೆ ಸೊಪ್ಪು ಹೊತ್ತು ಬರುವ ಹೆಂಗಸನ್ನು ಬಿಡಿಸಿದ್ದಳು. ಬಲಮೂಲೆಯಲ್ಲಿ ಅವಳ ಸಹಿ, 'ಗಂ'. ಅದರ ಪಕ್ಕದಲ್ಲಿ ಒಂದು ಕೆಂಪು ಅರ್ಧಚಂದ್ರ, ನಡುವೆ ಚುಕ್ಕೆ!

"ನಿಮ್ಮ ಪೇಜಲ್ಲಿ ನನ್ನ ಹನ್ನೊಂದು ಚಿತ್ರ ಹಾಕ್ಕೊಂಡಿದ್ದೀರಿ. ಹನ್ನೊಂದಕ್ಕೂ ಈ ಗುರುತು. ಇದ್ಯಾರ್ದು?"

"ನಮ್ಮನಿ ಗುರುತ್ರಿ..."

"ಚಿತ್ರ ನಂದು, ಗುರುತು ನಿಮ್ದಾ? ಯಾರೋ ಕಳಿಸಿದ ಬರೀ ಚಿತ್ರ ನೋಡಿ ಅನಂತಪುರದಲ್ಲಿ ಎಕ್ಸಿಬಿಷನ್ ಮಾಡೋರು ಫೋನ್ ಮಾಡಿ ಏನ್ ಕೇಳಿದ್ರು ಗೊತ್ತಾ? ಎರಡು ಗುರುತು ಐತಲ್ಲಮ್ಮ, ಬರೆದಿದ್ದು ನೀನೋ ಆ ರಾಯದುರ್ಗದವರೋ ಅಂತ! ಹತ್ತು ದಿನದಲ್ಲಿ ನನ್ನ ಕೆಲಸದ ಬಗ್ಗೆ ಬರೆದು, ಇದು ನಂದೇ ಅಂತ ನಂಬಿಸ್ಬೇಕಂತೆ. ಇಲ್ದಿದ್ರೆ ನನ್ನ ಚಿತ್ರ ಹೊರಗೆ!"

ಆರು ವರ್ಷ ಯಾರಿಗೂ ಬೇಡವಾಗಿದ್ದ ಕೆಲಸ ಅದು. ಈಗ ಮೊದಲ ಸಲ ಒಬ್ಬರು ಕರೆದಿದ್ದಾರೆ, ಅದೂ ಕೈತಪ್ಪುವ ಹಾಗಾಗಿದೆ...

ಈಶ್ವರ್ ಏನನ್ನೋ ಹೇಳಲು ಬಾಯಿ ತೆರೆದ. ಅವಳ ಕಣ್ಣು ತುಂಬಿದ್ದನ್ನು ನೋಡಿ, ಆ ಮಾತು ಬಿಟ್ಟು ಲೋಟಕ್ಕೆ ನೀರು ಬಗ್ಗಿಸಿದ.

"ಕೇಳದ ಹಾಕಿದ್ದು ತಪ್ಪಾತ್ರಿ."

ಅಷ್ಟೇ ಹೇಳಿ ಕೂತು, ಅವಳೆದುರೇ ಒಂದೊಂದಾಗಿ ಹನ್ನೊಂದನ್ನೂ ಅಳಿಸಿದ. "ಅನಂತಪುರದವರಿಗೆ ನಾನ ತಿಳಿಸ್ತೀನ್ರಿ, ಚಿತ್ರ ನಿಮ್ಮವಂತ."

"ನಿಮ್ಮ ಉಪಕಾರ ಬೇಡ."

"ಹಂಗಾರ ನೀವು ಬರೀರಿ. ನಿಮ್ಮ ಪೇಜಿನಾಗ ಚಿತ್ರ ಅದಾವು, ಮಾತಿಲ್ಲ. ಮಾಡಿದವರಷ್ಟು ಚೆಂದ ಬ್ಯಾರೆ ಯಾರೂ ಹೇಳಂಗಿಲ್ರಿ."

"ನಂಗೆ ಬರೆಯಕ್ಕೆ ಬರಲ್ಲ. ಅದಕ್ಕೇ ಬಣ್ಣ ಹಿಡಿದಿದ್ದು!"

ದಡದಡನೆ ಹೊರಬಂದು ಕಲ್ಯಾಣದುರ್ಗದ ಬಸ್ ಹತ್ತಿದ ಮೇಲೆ ಅವಳಿಗೆ ನೆನಪಾಯಿತು, ಅವನು ನೀರಿನ ಲೋಟ ಚಾಚಿದ್ದ, ತಾನು ಅದರತ್ತ ನೋಡಿರಲೂ ಇಲ್ಲ.

'ಗೆದ್ದು ಬಂದೆನಲ್ಲ... ಮತ್ಯಾಕೆ ಮನಸ್ಸು ಹೀಗೆ ಮುದುಡಿಕೊಂಡಿದೆ?'

ಮಡಕಶಿರಾ ಸೀಮೆಯ ತನ್ನ ಹಳ್ಳಿಗೆ ಬಂದವಳೇ ಬರೆಯಲು ಕೂತಳು. ಒಂದು ಗಂಟೆ ಒದ್ದಾಡಿ ಬರೆದದ್ದು ಇಷ್ಟು: 'ಹೊಸ ಚಿತ್ರ. ಅಳತೆ ಮೂರಡಿ. ಬೇಕಾದವರು ಸಂಪರ್ಕಿಸಿ.'

ಐದು ಲೈಕ್ ಬಂತು. ಅದರಲ್ಲಿ ಎರಡು ತಂಗಿ ಪವಿತ್ರಳವು, ಒಂದು ತನ್ನ ಫೋನಿನಿಂದ, ಇನ್ನೊಂದು ಅಮ್ಮನ ಫೋನಿನಿಂದ.

"ಅಕ್ಕ, ಎಮ್ಮೆ ಮಾರಕ್ಕೆ ಇಟ್ಟಂಗೈತೆ" ಎಂದಳು ಪವಿತ್ರ.

ಮರುದಿನ ದೊಡ್ಡ ದೊಡ್ಡ ಕಲಾವಿದರು ಹೇಗೆ ಬರೆಯುತ್ತಾರೆಂದು ಹುಡುಕಿ, 'ನನ್ನ ಅಸ್ತಿತ್ವದ ಅನ್ವೇಷಣೆ' ಎಂದು ಶುರು ಮಾಡಿದಳು.

"ಇದನ್ನ ಅಮ್ಮ ಓದಿದ್ರೆ ಯಾರೋ ಕಳೆದುಹೋಗವ್ರೆ ಅಂತ ಗಾಬರಿ ಬೀಳ್ತಾಳೆ."

"ಹೋಗೇ ಅತ್ಲಾಗೆ!"

ಹೀಗೇ ಐದು ದಿನ ಕಳೆಯಿತು. ಬೇಸತ್ತ ಗಂಗೋತ್ರಿ, ಜಗಳಕ್ಕೆ ಸಾಕ್ಷಿಯಾಗಲೆಂದು ತೆಗೆದಿಟ್ಟುಕೊಂಡಿದ್ದ ಈಶ್ವರ್ ಪೇಜಿನ ಸ್ಕ್ರೀನ್‌ಶಾಟ್‌ಗಳನ್ನು ತೆರೆದಳು. ಅಂದು ಸಿಟ್ಟಿನಲ್ಲಿ ಆ ಕೆಂಪು ಗುರುತೊಂದೇ ಕಣ್ಣಿಗೆ ಬಿದ್ದಿತ್ತು. ಇವತ್ತು ಅದರ ಕೆಳಗೆ ಅವನು ಬರೆದಿದ್ದನ್ನು ಓದಿದಳು.

'ಇದನ್ನು ಬರೆದವರು ಮಡಕಶಿರಾ ಕಡೆಯ ಗಂಗೋತ್ರಿ. ಈ ಹೆಂಗಸಿನ ಎಡಗಾಲು ನೋಡಿ. ಮುಳ್ಳು ಚುಚ್ಚಿದೆ. ಆದರೂ ಸೊಪ್ಪಿನ ಹೊರೆ ಇಳಿಸಿಲ್ಲ.'

ಆ ಮುಳ್ಳು! ಸಾಸಿವೆಕಾಳಿನಷ್ಟು ಬಣ್ಣ ಅದು. ಮನೆಯವರೂ ನೋಡಿರಲಿಲ್ಲ. ಅವನು ನೋಡಿದ್ದ! ಹನ್ನೊಂದು ಚಿತ್ರಕ್ಕೂ ಅವಳ ಹೆಸರೇ ಮೊದಲ ಸಾಲು.

'ಕದಿಯೋನು ಯಾರಾದ್ರೂ ಹೆಸರು ಬರೀತಾನಾ? ಹಾಗಾದ್ರೆ ಆ ಗುರುತು ಯಾಕೆ ಹಾಕಿದ್ದ?'

ಉತ್ತರ ಮರುದಿನ ಅವಳ ಹೊಲಕ್ಕೇ ನಡೆದು ಬಂತು, ಅದೂ ನಾಲ್ಕು ಕಾಲಿನಲ್ಲಿ.

ಕಡಲೆಕಾಯಿ ಕಿತ್ತ ಹೊಲಕ್ಕೆ ಗೊಬ್ಬರವಾಗಲೆಂದು ಅಪ್ಪ ಆದಿನಾರಾಯಣ ಕುರಿ ಮಂದೆ ನಿಲ್ಲಿಸಿದ್ದ. ಕುರಿಯವರ ಊಟಕ್ಕೆ ಮುದ್ದೆ, ಸಾರು ಹೊತ್ತುಕೊಂಡು ಹೋದ ಗಂಗೋತ್ರಿ ಬದುವಿನ ಮೇಲೆ ಹಾಗೇ ನಿಂತುಬಿಟ್ಟಳು. ಪ್ರತಿ ಕುರಿಯ ಬೆನ್ನ ಮೇಲೂ ಕೆಮ್ಮಣ್ಣಿನ ಅರ್ಧಚಂದ್ರ, ನಡುವೆ ಚುಕ್ಕೆ!

"ತಾತ... ಈ ಗುರುತು?"

"ನಮ್ಮನಿದವ್ವ" ಎಂದ ಮುದುಕ ಯರ್ರಿಸ್ವಾಮಿ, ಕಂಬಳಿ ಕೊಡವುತ್ತ. "ರಾಯದುರ್ಗದ ಕಡಿ ಇದನ್ನ ಕಂಡ್ರ ಯರ್ರಿಸ್ವಾಮಿ ಕುರಿ ಅಂತಾರ."

ಒಂದು ಕುರಿಯ ಬೆನ್ನ ಮೇಲೆ ಮಾತ್ರ ನೀಲಿ ಗೆರೆಯೂ ಇತ್ತು, ಪಕ್ಕದಲ್ಲಿ ಅರ್ಧಚಂದ್ರವೂ ಇತ್ತು.

"ಇದಕ್ಯಾಕೆ ಎರಡು?"

"ಅದು ನಮ್ದಲ್ಲ. ದಾರಿಯಾಗ ತಪ್ಪಿ ಬಂದು ನಮ್ಮ ಹಿಂಡಿಗೆ ಸೇರೇತಿ. ನೀಲಿ ಗೆರಿ ಅದರ ಮಾಲಕರದು. ಅದನ್ನ ಅಳಸಂಗಿಲ್ಲ, ಅದರ ಮ್ಯಾಲ ಹಚ್ಚಂಗಿಲ್ಲ. ಪಕ್ಕದಾಗ ನಮ್ದೊಂದು ಹಾಕ್ತೀವಿ. ಯಾರೂ ಕೈ ಹಾಕಬ್ಯಾಡ್ರಿ, ಇದಕ್ಕ ನಾವು ಕಾವಲದೀವಿ ಅಂತ. ನಮ್ಮನ್ಯಾಗ ಮೊದಲಿಂದ ಹಿಂಗ."

ಗಂಗೋತ್ರಿ ಬಗ್ಗಿ ಆ ಎರಡು ಗುರುತನ್ನೂ ಬೆರಳಿನಿಂದ ಮುಟ್ಟಿ ನೋಡಿದಳು.

"ನನ್ನ ಮೊಮ್ಮಗ ಈಶ್ವರಗೂ ಅದ ಹುಚ್ಚು!" ಮುದುಕ ನಕ್ಕ. "ಹೋದ ವರ್ಷ ಪಕ್ಕದ ಹೊಲದಾಗ ಇದ್ವಿ. ನನಗ ಬುತ್ತಿ ತಂದವ, ನಿಮ್ಮನಿ ಮುಂದ ಬಿಸಿಲಿಗೆ ಇಟ್ಟಿದ್ದ ಚಿತ್ರ ನೋಡ್ಕೋತ ಬುತ್ತಿ ಮರೆತು ನಿಂತಿದ್ದ. ಆಮ್ಯಾಲ ಯಾರೋ ಫೋನಿನಾಗ ಅವನ್ನ ತಮ್ಮವಂತ ಹಾಕ್ಕೊಂಡ್ರಂತ. ಉರಿದುಬಿದ್ದ. ತಾತ, ಪಕ್ಕದಾಗ ನಮ್ಮ ಗುರುತು ಹಾಕೀನಿ, ಇನ್ನ ಯಾರು ಮುಟ್ತಾರ ನೋಡ್ತೀನಿ ಅಂದ."

ಅವಳು ಫೋನ್ ತೆಗೆದು ಮತ್ತೆ ನೋಡಿದಳು. ಹೌದು... ಹನ್ನೊಂದರಲ್ಲೂ ಆ ಗುರುತು ಅವಳ ಸಹಿಯನ್ನು ಎಲ್ಲಿಯೂ ಮುಟ್ಟಿರಲಿಲ್ಲ. ಪಕ್ಕದಲ್ಲಿ, ಒಂದಿಷ್ಟು ಕೆಳಗೆ ನಿಂತಿತ್ತು.

'ಅಯ್ಯೋ ದೇವರೇ... ಕಾವಲು ಕಾದವನನ್ನೇ ಕಳ್ಳ ಅಂದು ಬಂದೆನಲ್ಲ!'

ಅವತ್ತು ಮಧ್ಯಾಹ್ನ ಹಿಪ್ಪುನೇರಳೆ ತೋಟದ ಬದುವಿನಲ್ಲಿ ಕೂತು ಅವಳು ಬರೆದಳು. ದೊಡ್ಡ ಮಾತು ಒಂದೂ ಇರಲಿಲ್ಲ.

'ನಾನು ಗಂಗೋತ್ರಿ. ರೇಷ್ಮೆಹುಳುವಿಗೆ ಸೊಪ್ಪು ಕೊಯ್ಯುವವಳು. ಹುಳು ತನ್ನ ಬಾಯಿಂದಲೇ ನೂಲು ತೆಗೆದು ಚಂದ್ರಂಕಿಯಲ್ಲಿ ಮನೆ ಕಟ್ಟುತ್ತದೆ. ಆ ಮನೆಯನ್ನು ನಾವು ಬಿಡಿಸಿ ಮಾರುತ್ತೇವೆ. ಪ್ಲಾಸ್ಟಿಕ್ಕಿನ ಚಂದ್ರಂಕಿ ಬಂದ ಮೇಲೆ ಅಪ್ಪ ಬಿದಿರಿನವನ್ನು ಒಲೆಗೆ ಹಾಕಲು ಹೊರಟಿದ್ದರು. ನಾನು ಬಿಡಲಿಲ್ಲ. ಖಾಲಿಯಾದ ಮನೆಯಲ್ಲಿ ಮತ್ತೆ ಯಾರನ್ನಾದರೂ ಕೂರಿಸಬೇಕು ಅನ್ನಿಸಿತು. ಅದಕ್ಕೇ ಬರೆಯುತ್ತೇನೆ.

ನನ್ನ ಚಿತ್ರಗಳ ಪಕ್ಕ ಒಂದು ಕೆಂಪು ಗುರುತು ಇತ್ತು. ಅದು ಕಾವಲಿನ ಗುರುತು. ತಿಳಿಯದೆ ನಾನೇ ಅಳಿಸಿಹಾಕಿಸಿದೆ. ಆ ಗುರುತಿನವರು ಇದನ್ನು ಓದಿದರೆ, ಹೊಸ ಚಿತ್ರದಲ್ಲಿ ನನ್ನ ಸಹಿಯ ಪಕ್ಕ ಜಾಗ ಬಿಟ್ಟಿದ್ದೇನೆ.'

ಸಂಜೆಯೊಳಗೆ ಅದನ್ನು ಸಾವಿರಾರು ಜನ ಓದಿದರು. ಮರುದಿನ ಅನಂತಪುರದಿಂದ ಫೋನ್ ಬಂತು. "ಮಾಡಿದವರಲ್ಲದೆ ಬೇರೆಯವರು ಹೀಗೆ ಬರೆಯಲಾರರಮ್ಮ. ನಿನ್ನ ಚಿತ್ರ ಗೋಡೆಗೆ ಬರುತ್ತೆ."

ಪವಿತ್ರ ಕುಣಿದಾಡಿದಳು. ಗಂಗೋತ್ರಿಯೂ ನಕ್ಕಳು. ಆದರೆ ನಿಮಿಷಕ್ಕೊಮ್ಮೆ ಫೋನ್ ನೋಡುತ್ತಿದ್ದಳು. ಅಷ್ಟು ಜನರಲ್ಲಿ ಅವನೊಬ್ಬನ ಲೈಕ್ ಇರಲಿಲ್ಲ...

ಮೂರನೆಯ ದಿನ ಬೆಳಿಗ್ಗೆ, ಅಂಗಳದಲ್ಲಿ ಚಂದ್ರಂಕಿ ಒಣಗಿಸುತ್ತಿದ್ದಾಗ ಹಿಂದಿನಿಂದ ದನಿ ಕೇಳಿತು.

"ನೀರು ಸಿಗತಾವೇನ್ರಿ?"

ತಾತನ ಬುತ್ತಿ ಹಿಡಿದು ಈಶ್ವರ್ ನಿಂತಿದ್ದ! ಅವಳು ಒಳಗೆ ಓಡಿ ಚೊಂಬು ತಂದುಕೊಟ್ಟಳು. ಅವಸರದಲ್ಲಿ ಅರ್ಧ ನೀರು ನೆಲಕ್ಕೇ ಹೋಯಿತು.

"ಓದಿದ್ರಾ?"

"ಏಳು ಸಲ ಓದೀನ್ರಿ."

"ಒಂದು ಲೈಕೂ ಕೊಡ್ಲಿಲ್ಲ!"

"ಲೈಕಿನಾಗ ಹಿಡೀಲಿಲ್ರಿ. ಅದಕ ಬಂದೆ."

ಅವಳ ಕೆನ್ನೆ ಬಿಸಿಯಾಯಿತು. "ಅವತ್ತೇ ಯಾಕೆ ಹೇಳ್ಲಿಲ್ಲ ನೀವು?"

"ಕಾವಲಿಗಂತ ಹಾಕಿದ್ರೂ ಕೇಳದ ಹಾಕಿದ್ದು ತಪ್ಪಲ್ರಿ. ಕುರಿಗೆ ಬಾಯಿಲ್ಲ, ನಿಮಗ ಐತಿ."

"ಜೋರಾಗೇ ಐತೆ" ಎಂದು ಅವಳು ನಕ್ಕಳು. ಆಮೇಲೆ ಮೆಲ್ಲಗೆ ಕೇಳಿದಳು. "ಮಾಲೀಕರು ಸಿಕ್ಕಿದ್ಮೇಲೆ ಆ ಗುರುತು ಏನ್ಮಾಡ್ತೀರಿ?"

"ತೊಳೆದು, ಕುರಿ ಒಪ್ಪಿಸಿ ಹೋಗ್ತೀವ್ರಿ."

"...ಹೋಗ್ಲೇಬೇಕಾ?"

ಈಶ್ವರ್ ಬುತ್ತಿಯನ್ನು ಜಗಲಿ ಮೇಲೆ ಇಟ್ಟ. "ಹೋದ ವರ್ಷ ಇಲ್ಲೇ ನಿಂತು ಚಿತ್ರ ನೋಡ್ತಿದ್ದೆ. ಅದನ್ನ ನೆರಳಿಗೆ ಇಡಾಕ ನೀವು ಹೊರಗ ಬಂದ್ರಿ. ನನ್ನ ಕಡಿ ನೋಡ್ಲೂ ಇಲ್ಲ. ಅವತ್ತಿಂದ ದಾರಿ ತಪ್ಪಿದ ಕುರಿ ನಾನ ಆಗೀನ್ರಿ, ಗಂಗೋತ್ರಿ."

ಮೊದಲ ಸಲ ಅವನ ಬಾಯಲ್ಲಿ ತನ್ನ ಹೆಸರು ಕೇಳಿ ಅವಳಿಗೆ ಅಳು, ನಗು ಎರಡೂ ಒಟ್ಟಿಗೇ ಬಂತು. ಅವಳು ಒಳಗಿಂದ ಹೊಸ ಚಿತ್ರವನ್ನೂ ಕೆಮ್ಮಣ್ಣಿನ ಬಟ್ಟಲನ್ನೂ ತಂದಿಟ್ಟು, ಕುಂಚ ಅದ್ದಿ ಅವನತ್ತ ಚಾಚಿದಳು.

"ಹಾಕಲೇನ್ರಿ?"

"ಈ ಸಲ ಕೇಳಿದ್ರಲ್ಲ... ಹಾಕಿ."

'ಗಂ' ಅಕ್ಷರದ ಪಕ್ಕದಲ್ಲಿ, ಒಂದಿಷ್ಟು ಕೆಳಗೆ, ಅರ್ಧಚಂದ್ರ ಮೂಡಿತು. ಅವನು ಕುಂಚ ಕೆಳಗಿಡುವಷ್ಟರಲ್ಲಿ ಅವಳು ಅದನ್ನು ಕಸಿದುಕೊಂಡು, ಅವನ ಮುಂಗೈ ಹಿಡಿದು, ಅದರ ಮೇಲೂ 'ಗಂ' ಎಂದು ಬರೆದಳು.

"ಇದ್ಯಾಕ್ರಿ? ಕೇಳಲೂ ಇಲ್ಲ!"

"ತಪ್ಪಿ ಬಂದ ಕುರಿ ಅಂದ್ರಲ್ಲ."

"ಓ... ಕಾವಲಿನ ಗುರುತೇನ್ರಿ?"

ಗಂಗೋತ್ರಿ ಅವನ ಕೈ ಬಿಡಲಿಲ್ಲ.

"ಕಾವಲಿಂದಲ್ಲ. ಇದು ನಂದು."