ಸೋಮವಾರದ ಪತ್ರದಲ್ಲಿ ಅಕ್ಕನ ಸಾಲು

"ಸತ್ತವರ ಹೆಸರಲ್ಲಿ ಆಟ ಆಡೋಕೆ ನಾಚಿಕೆ ಆಗಲ್ವಾ ನಿಮಗೆ?"

ಬಾಗಿಲನ್ನೂ ತಟ್ಟದೆ ಒಳಗೆ ನುಗ್ಗಿದವನ ಕೈಯಲ್ಲಿ ಮುದ್ರಿಸಿದ ಒಂದು ಹಾಳೆ ಇತ್ತು.

ಸೋಮವಾರ ಬೆಳಿಗ್ಗೆ. ಒಂಬತ್ತಕ್ಕೆ ಇನ್ನೂ ಹತ್ತು ನಿಮಿಷ. ಸಂಶೋಧನಾ ವಿದ್ಯಾರ್ಥಿಗಳ ಸಂಘದ ಆ ಇಕ್ಕಟ್ಟಾದ ಕೋಣೆಯಲ್ಲಿ ಅವಳೊಬ್ಬಳೇ ಇದ್ದಳು. ವಾರದ ಪತ್ರವನ್ನು ಕಾಲು ಗಂಟೆ ಹಿಂದೆ ಇಮೇಲ್‌ನಲ್ಲಿ ಒಂಬೈನೂರು ಮಂದಿಗೆ ಕಳಿಸಿ, ಚಹಾದ ಲೋಟಕ್ಕೆ ಕೈಯಿಟ್ಟಿದ್ದಳು.

"ಯಾರು ನೀವು? ಏನಾಯ್ತು?"

"ಓದಿ. ಕೊನೇ ಸಾಲು. ಗಟ್ಟಿಯಾಗಿ ಓದಿ!"

ಅವಳು ಹಾಳೆ ತೆಗೆದುಕೊಂಡಳು. ಅವಳೇ ಸಿದ್ಧಪಡಿಸಿದ ಪತ್ರ. ಬುಧವಾರದ ವಿಚಾರ ಸಂಕಿರಣ, ಸೂಕ್ಷ್ಮದರ್ಶಕ ತರಬೇತಿಗೆ ಉಳಿದಿರುವ ಹನ್ನೆರಡು ಜಾಗ, ಗ್ರಂಥಾಲಯದಲ್ಲಿ ಸಿಕ್ಕ ಕನ್ನಡಕ... ಎಲ್ಲವೂ ಅವಳು ಬರೆದದ್ದೇ. ಅದರ ಕೆಳಗೆ ಅವಳು ಬರೆಯದ ಒಂದು ಸುದ್ದಿ ಇತ್ತು.

"ಕೆರೆ, ನದಿಗಳ ಸಂಶೋಧಕರಿಗೆ ಎರಡು ವರ್ಷದ ಫೆಲೋಶಿಪ್. ಅರ್ಜಿಗೆ ಈ ತಿಂಗಳ ಮೂವತ್ತು ಕೊನೇ ದಿನ. ಮೌನಿ, ಹೋದ ವರ್ಷ ಸಿಗದಿದ್ರೆ ಬೇಜಾರು ಮಾಡ್ಕೋಬೇಡ, ಮತ್ತೆ ಹಾಕು. ಕೊನೇ ದಿನದವರೆಗೂ ಕೂತಿದ್ರೆ ಕಿವಿ ಹಿಂಡ್ತೀನಿ!"

ಅವಳು ಆ ಸಾಲನ್ನು ಮತ್ತೊಮ್ಮೆ ಓದಿದಳು.

ಕಿವಿ ಹಿಂಡ್ತೀನಿ! ಆ ಮಾತು ಲೋಕದಲ್ಲಿ ಒಬ್ಬರದೇ... ಹಾಸ್ಟೆಲಿನಲ್ಲಿ ಮೂರು ವರ್ಷ ಅವಳ ಪಕ್ಕದ ಮಂಚದಲ್ಲಿ ಮಲಗಿದ್ದ ಅಕ್ಕನದು. ಒಡಹುಟ್ಟಿದವಳಲ್ಲ. ಆದರೂ ಇಡೀ ಸಂಶೋಧನಾ ವಿಭಾಗಕ್ಕೆ ಅವಳು ಅಕ್ಕ. ಈ ಸೋಮವಾರದ ಪತ್ರವನ್ನು ಶುರು ಮಾಡಿದವಳೂ ಅವಳೇ.

ಅಕ್ಕ ಹೋಗಿ ಒಂಬತ್ತು ತಿಂಗಳಾಗಿತ್ತು. ಜಲಾಶಯದಲ್ಲಿ ನೀರಿನ ಮಾದರಿ ತರಲು ಹೋದಾಗ ಬಿರುಗಾಳಿ ಎದ್ದು ದೋಣಿ ಮಗುಚಿತ್ತು.

"ಇದು... ಇದು ನಾನು ಬರೆದಿದ್ದಲ್ಲ," ಎಂದಳು.

"ಮತ್ತೆ ಯಾರು? ಪಾಸ್‌ವರ್ಡ್ ಇರೋದು ನಿಮ್ಮ ಹತ್ರ ತಾನೇ?"

"ಮೌನಿ ಅಂದ್ರೆ ನೀವೇನಾ?"

ಅವನು ಹೌದೆಂದು ತಲೆ ತಗ್ಗಿಸಿದ. ಅಕ್ಕ ತನ್ನ ಜೊತೆ ಕೆಲಸ ಮಾಡುವವನಿಗೆ ಇಟ್ಟ ಹೆಸರು ಅದೆಂದು ಅವಳಿಗೆ ಗೊತ್ತಿತ್ತು.

"ಹಾಗಿದ್ರೆ ನೀವೇ ಯಾಕೆ ಬರೆದಿರಬಾರದು? ಅಕ್ಕನ ಜೊತೆ ಕೆಲಸ ಮಾಡಿದವರು ನೀವು. ಅವಳ ಮಾತಿನ ಧಾಟಿ ನಿಮಗೆ ಗೊತ್ತಿರತ್ತೆ!"

"ನಾನಾ?" ಅವನ ಕಣ್ಣು ಕೆಂಪಾಯಿತು. "ಅವಳ ಹೆಸರು ಹೇಳೋಕೂ ಆಗದವನು ನಾನು. ಬರೀತೀನಾ?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಇವನಲ್ಲ... ಇವಳಲ್ಲ... ಹಾಗಾದರೆ?

ಅಂದು ಮಧ್ಯಾಹ್ನ ಇಬ್ಬರೂ ಕಂಪ್ಯೂಟರ್ ವಿಭಾಗದ ಮುಂದೆ ನಿಂತಿದ್ದರು. ಅಲ್ಲಿನ ತಂತ್ರಜ್ಞರನ್ನು ಎಲ್ಲರೂ ಸರ್ವರ್ ಮಾಮ ಎನ್ನುತ್ತಿದ್ದರು. ಕನ್ನಡಕವನ್ನು ಹಣೆಗೇರಿಸಿ ಕೀಲಿಮಣೆ ಕುಟ್ಟಿದ ಮಾಮ, ಪರದೆಯತ್ತ ಬಗ್ಗಿದರು.

"ದೆವ್ವವೂ ಅಲ್ಲ, ಭೂತವೂ ಅಲ್ಲ ಕಣ್ರಮ್ಮ," ಎಂದರು ಕೊನೆಗೆ. "ಈ ಫೆಲೋಶಿಪ್‌ಗಳೆಲ್ಲ ವರ್ಷಕ್ಕೊಂದ್ಸಲ ಬರ್ತಾವಲ್ಲ? ಆ ಹುಡುಗಿ ಒಂದು ಸುದ್ದಿ ಹಾಕಿದ ಕೂಡಲೇ, ಮುಂದಿನ ವರ್ಷದ ಅದೇ ವಾರಕ್ಕೂ ಒಂದು ಬರೆದಿಟ್ಟಿದ್ದಾಳೆ. ತಾನಾಗಿ ಹೋಗಿ ಸೇರ್ಕೊಳ್ಳೋ ಹಾಗೆ. ಸರಿಯಾಗಿ ಒಂದು ವರ್ಷದ ಹಿಂದೆ ಶುರು ಮಾಡಿದ್ದಾಳೆ."

"ಇನ್ನೂ ಎಷ್ಟಿವೆ, ಮಾಮ?"

"ಇನ್ನು ಹನ್ನೆರಡು ಸೋಮವಾರ." ಮಾಮನ ದನಿ ಇಳಿಯಿತು. "ಅಲ್ಲಿಗೆ... ಅವಳು ತೀರಿಕೊಂಡ ವಾರ ಬಂತಲ್ಲ. ಅಳಿಸಿಬಿಡ್ಲಾ?"

"ಬೇಡ!"

ಇಬ್ಬರೂ ಒಂದೇ ಉಸಿರಿಗೆ ಹೇಳಿದ್ದರು.

"ತೆರೆದು ಓದ್ತೀರಾ?"

ಅವಳು ಅವನತ್ತ ನೋಡಿದಳು. ಅವನು ಮೆಲ್ಲಗೆ ತಲೆಯಾಡಿಸಿದ. ಬೇಡ. ಅಕ್ಕ ಯಾವಾಗ ಹೇಳಬೇಕೆಂದುಕೊಂಡಿದ್ದಳೋ ಆವಾಗಲೇ ಹೇಳಲಿ.

* * *

ಹೀಗೆ ಅವನು ಪ್ರತಿ ಸೋಮವಾರ ಬರತೊಡಗಿದ.

ಅವನು ಈಗ ಸಂಶೋಧಕನಲ್ಲ ಎಂಬುದು ಅವಳಿಗೆ ಎರಡನೇ ವಾರ ಗೊತ್ತಾಯಿತು. ಅಕ್ಕ ತೀರಿಕೊಂಡ ತಿಂಗಳಲ್ಲೇ ಸಂಶೋಧನೆ ಬಿಟ್ಟು, ವಿಭಾಗದ ಸ್ಟೋರಿನಲ್ಲಿ ಕೆಲಸಕ್ಕೆ ಸೇರಿದ್ದ. ಗಾಜಿನ ಶೀಷೆ, ಕೈಗವಸು, ಸೋಸುವ ಕಾಗದ ಕೊಡುವುದು, ಸಹಿ ಹಾಕಿಸಿಕೊಳ್ಳುವುದು. ಅಷ್ಟೇ.

ಅವಳ ಹೆಸರು ಅವನು ಕೇಳಲೇ ಇಲ್ಲ. ಅಕ್ಕ ಇಟ್ಟ ಹೆಸರು ಅವನಿಗೆ ಮೊದಲೇ ಗೊತ್ತಿತ್ತು. ಇರುವೆ! ಇರುವೆಗಳ ದಾರಿಯ ಮೇಲೆ ಅವಳ ಸಂಶೋಧನೆ. ಕೂತಲ್ಲಿ ಕೂರದ ಸ್ವಭಾವ ಬೇರೆ.

"ನೀವು ದಿನವಿಡೀ ಇರುವೆ ಹಿಂದೆ ಬಗ್ಗಿ ನಡೀತೀರಂತೆ, ಹೌದಾ?"

"ಬಗ್ಗಿ ಅಲ್ಲ, ಅಂಬೆಗಾಲಲ್ಲಿ. ಒಂದ್ಸಲ ಕುಲಪತಿಗಳ ಬೂಟಿಗೆ ತಲೆ ಗುದ್ದಿದ್ದೆ."

ಅವನು ನಕ್ಕ. ಒಂಬತ್ತು ತಿಂಗಳಲ್ಲಿ ಅದು ತನ್ನ ಮೊದಲ ನಗು ಎಂದು ಅವನಿಗೆ ಹೊಳೆದದ್ದು ನಕ್ಕ ಮೇಲೆಯೇ.

ಅಕ್ಕನ ಸಾಲುಗಳು ತಪ್ಪದೆ ಬಂದವು. "ಪ್ರಬಂಧ ಬರೆಯುವ ಕಮ್ಮಟ. ಮೊದಲ ಅಧ್ಯಾಯ ಮೂರನೇ ಸಲ ಬರೀತಿರೋರೆಲ್ಲ ಬನ್ನಿ, ನಾಚ್ಕೋಬೇಡಿ." "ಪ್ರಯಾಣಕ್ಕೆ ನೆರವು. ಸಮುದ್ರ ನೋಡದವರಿಗೆ ಮೊದಲ ಆದ್ಯತೆ ಅಂತ ನಿಯಮದಲ್ಲಿಲ್ಲ, ಆದ್ರೆ ಇರ್ಬೇಕಿತ್ತು!"

ಅಕ್ಕ ಸತ್ತದ್ದು ಗೊತ್ತಿಲ್ಲದ ಹೊಸ ವಿದ್ಯಾರ್ಥಿಗಳು ಆ ಸಾಲುಗಳಿಗೆ ಉತ್ತರ ಬರೆಯುತ್ತಿದ್ದರು. "ಮೇಡಂ, ನಿಮ್ಮನ್ನ ಭೇಟಿ ಆಗಬಹುದಾ?" ಅದನ್ನು ಓದಿದ ಇರುವೆ ಕಂಪ್ಯೂಟರ್ ಮುಚ್ಚಿ ಏಳುತ್ತಿದ್ದಳು. ಹಾಸ್ಟೆಲಿನ ಕೋಣೆಯಲ್ಲಿ ಖಾಲಿ ಮಂಚದ ಕಡೆಯಿಂದ ಅಕ್ಕನ ಚಪ್ಪಲಿಯ ಸದ್ದು ಕೇಳಿದಂತಾಗುತ್ತಿತ್ತು. ಹಾಡುಹಗಲೇ! ತಿರುಗಿ ನೋಡಿದರೆ ಯಾರೂ ಇಲ್ಲ... ಗೋಡೆಯ ಮೇಲೆ ಬಿಸಿಲು ಮಾತ್ರ.

ಅವನು ಎದುರಿಗೆ ಕೂತಾಗ ಮಾತ್ರ ಆ ಸದ್ದು ನಿಲ್ಲುತ್ತಿತ್ತು.

ಇದೇನಿದು? ಸೋಮವಾರ ಬರಲಿ ಅಂತ ನಾನು ಗುರುವಾರದಿಂದಲೇ ಕಾಯ್ತಿದ್ದೀನಲ್ಲ! ಕಾಯೋದು ಅಕ್ಕನ ಸಾಲಿಗೋ... ಇವನಿಗೋ?

ಆ ಪ್ರಶ್ನೆಗೆ ಉತ್ತರ ಗೊತ್ತಾದಾಗ ಅವಳಿಗೆ ಭಯವಾಯಿತು.

* * *

ಐದನೇ ಸೋಮವಾರ ಅವಳು ಕೇಳಿಯೇಬಿಟ್ಟಳು. "ಫೆಲೋಶಿಪ್‌ಗೆ ಅರ್ಜಿ ಹಾಕಿದ್ರಾ? ಮೊನ್ನೆ ಕೊನೇ ದಿನ ಇತ್ತು."

"ಇಲ್ಲ."

"ಇಲ್ವಾ? ಅಕ್ಕ ನಿಮಗೇ ಅಂತ ಬರೆದಿಟ್ಟಿದ್ದಳು! ಅವಳ ಮಾತಿಗೆ ಇಷ್ಟೇನಾ ಬೆಲೆ?"

"ನಿಮಗೆ ಗೊತ್ತಿಲ್ಲದ ವಿಷಯ ಮಾತಾಡ್ಬೇಡಿ."

"ಗೊತ್ತಿಲ್ಲ, ಹೇಳಿ ಮತ್ತೆ! ಯಾವಾಗ ನೋಡಿದ್ರೂ ತುಟಿ ಹೊಲ್ಕೊಂಡು ಕೂತ್ರೆ ಹೇಗೆ ಗೊತ್ತಾಗತ್ತೆ?"

ಅವನು ಎದ್ದು ಕಿಟಕಿಯ ಬಳಿ ಹೋದ. ಬೆನ್ನು ಅವಳ ಕಡೆಗಿತ್ತು.

"ಆ ದಿನ ದೋಣಿ ಹತ್ತಬೇಕಿದ್ದಿದ್ದು ನಾನು."

ಅವಳು ಕುರ್ಚಿಯಿಂದ ಎದ್ದಳು.

"ಅದೇ ಫೆಲೋಶಿಪ್‌ದು ಸಂದರ್ಶನ ಇತ್ತು. ಅದೇ ದಿನ. 'ನೀನು ಹೋಗು, ಮಾದರಿ ನಾನು ತರ್ತೀನಿ' ಅಂದಳು. ನಾನು ಹೋದೆ. ಇಸ್ತ್ರಿ ಮಾಡಿದ ಅಂಗಿ ಹಾಕ್ಕೊಂಡು, ನೀರಿನ ಬಗ್ಗೆ ಭಾಷಣ ಹೊಡೆದೆ. ಹೊರಗೆ ಬಂದು ಫೋನ್ ನೋಡಿದ್ರೆ... ಹದಿನೇಳು ಕರೆ." ಅವನು ಕಿಟಕಿಯ ಸರಳು ಹಿಡಿದ. "ಆಯ್ಕೆಯೂ ಆಯ್ತು. ಆ ಪತ್ರವನ್ನ ಹರಿದು ಹಾಕ್ದೆ. ಈಗ ಹೇಳಿ. ಮತ್ತೆ ಅರ್ಜಿ ಹಾಕ್ಲಾ?"

ಅವನು ತಿರುಗಿದ. ಇರುವೆಯ ಮುಖ ಬಿಳಿಚಿಕೊಂಡಿತ್ತು. ಅವಳು ಚೀಲವನ್ನೂ ತೆಗೆದುಕೊಳ್ಳದೆ ಓಡುವಂತೆ ಹೊರಗೆ ಹೋದಳು.

ಅವನು ಅಲ್ಲೇ ನಿಂತ. ಅವಳೂ ನನ್ನನ್ನೇ ದೂಷಿಸ್ತಿದ್ದಾಳೆ... ದೂಷಿಸಲಿ. ಸರಿಯಾಗೇ ಇದೆ.

ಆದರೆ ನಿಜ ಬೇರೆಯೇ ಇತ್ತು!

ಆ ದಿನ ಬೆಳಿಗ್ಗೆ ಅಕ್ಕ ಇರುವೆಯ ಹಾಸಿಗೆಯ ಬಳಿ ಬಂದು ಪಿಸುಗುಟ್ಟಿದ್ದಳು. "ಏ ಇರುವೆ, ಬಾರೇ, ದೋಣಿಯಲ್ಲಿ ಜೊತೆಗೊಬ್ಬರಿದ್ರೆ ಚೆನ್ನಾಗಿರತ್ತೆ." ಇರುವೆಗೆ ಎಚ್ಚರವಿತ್ತು. ಆದರೂ ಕಣ್ಣು ತೆರೆಯಲಿಲ್ಲ. ನಿದ್ದೆ ಬಂದವಳಂತೆ ನಟಿಸಿದಳು. ಅಕ್ಕ ಹೊದಿಕೆ ಸರಿಮಾಡಿ ಹೋದಳು. ಚಪ್ಪಲಿಯ ಸದ್ದು ದೂರವಾಯಿತು...

ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಪತ್ರದ ಕೆಲಸ ಮೈಮೇಲೆ ಹಾಕಿಕೊಂಡದ್ದೂ ಅದಕ್ಕೇ. ಈಗ ಅವನಿಗೆ ಹೇಗೆ ಹೇಳಲಿ? ಅವನು ಜಾಗ ಬಿಟ್ಟುಕೊಟ್ಟ. ನಾನು ಒಂಟಿಯಾಗಿ ಕಳಿಸಿದೆ. ಗೊತ್ತಾದ್ರೆ ನನ್ನ ಮುಖ ನೋಡ್ತಾನಾ?

ಮುಂದಿನ ಸೋಮವಾರ ಅವನು ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಸ್ಟೋರಿನ ಕಿಂಡಿಯಲ್ಲಿ ಅವಳ ತಲೆ ಕಂಡರೆ ಅವನು ಒಳಗಿನ ಕಪಾಟಿನ ಹಿಂದೆ ಸರಿಯುತ್ತಿದ್ದ. ಅವಳು ಎರಡು ಸಲ ಬಾಗಿಲವರೆಗೆ ಹೋಗಿ, ಬೇಡದ ಕೈಗವಸು ತೆಗೆದುಕೊಂಡು ವಾಪಸಾದಳು.

ಕೊನೆಯ ಸೋಮವಾರ ಬಂತು. ಅವಳು ಒಬ್ಬಳೇ ಕೂತು ಪತ್ರ ಕಳಿಸಿ, ಕಣ್ಣು ಮುಚ್ಚಿ, ಮೆಲ್ಲಗೆ ತೆರೆದಳು.

"ಕೀಟಶಾಸ್ತ್ರದ ಬೇಸಿಗೆ ಶಿಬಿರ. ಇಪ್ಪತ್ತು ಮಂದಿಗೆ ಅವಕಾಶ. ಇರುವೆ, ಇದಕ್ಕೆ ಹಾಕು. ಆದ್ರೆ ಮೊದಲು ಚೆನ್ನಾಗಿ ನಿದ್ದೆ ಮಾಡು ಮಾರಾಯ್ತಿ. ನೀನು ಬೆಳಿಗ್ಗೆ ಮಲಗಿರೋದು ನೋಡಿದ್ರೆ ಎಬ್ಬಿಸೋಕೆ ನಂಗೆ ಮನಸ್ಸೇ ಬರಲ್ಲ."

ಅವಳು ಮೇಜಿಗೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು.

* * *

ಆರು ದಿನದ ನಂತರ ಫೋನ್ ಬಂತು. ಅಕ್ಕನ ತಾಯಿ.

"ಇಲ್ಲೊಬ್ಬ ಬಂದಿದ್ದಾನಮ್ಮ. ಮೊನ್ನೆ ನನ್ನ ಮಗಳು ಹೋಗಿ ಒಂದು ವರ್ಷ ಆಯ್ತಲ್ಲ, ಅವತ್ತು ಬಂದ. 'ಕ್ಷಮಿಸಿ' ಅಂತ ಒಂದು ಮಾತು ಅಂದ. ಆಮೇಲೆ ತುಟಿ ಪಿಟಕ್ ಅಂದಿಲ್ಲ! ಹತ್ತಿರದಲ್ಲೇ ಎಲ್ಲೋ ತಂಗಿದ್ದಾನೆ. ದಿನಾ ಬೆಳಿಗ್ಗೆ ಬಂದು ಮುರಿದ ಮೆಟ್ಟಿಲು ಸರಿಮಾಡ್ತಾನೆ, ಗೇಟಿಗೆ ಬಣ್ಣ ಬಳೀತಾನೆ. ನನಗೆ ಹುಚ್ಚು ಹಿಡಿಯೋದೊಂದು ಬಾಕಿ. ಬರ್ತೀಯಾ?"

ಮೂರು ಗಂಟೆಯ ಬಸ್ ಪ್ರಯಾಣ. ಸಣ್ಣ ಬೀದಿಯ ಕೊನೆಯ ಮನೆ. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ, ಅರ್ಧ ಹೊಲಿದ ಶಾಲಾ ಸಮವಸ್ತ್ರಗಳ ರಾಶಿ. ಅಕ್ಕನ ತಾಯಿ ದರ್ಜಿ. ಹಲ್ಲಿನ ನಡುವೆ ಗುಂಡುಸೂಜಿ ಕಚ್ಚಿಕೊಂಡೇ ಮಾತಾಡುವವರು.

ಅವನು ಗೇಟಿನ ಬಳಿ ಕುಂಚ ಹಿಡಿದು ನಿಂತಿದ್ದ. ಇರುವೆಯನ್ನು ಕಂಡು ತಲೆ ತಗ್ಗಿಸಿದ.

"ಇಬ್ಬರೂ ಒಳಗೆ ಬನ್ನಿ," ಎಂದರು ತಾಯಿ. "ಈಗ ಹೇಳಪ್ಪ. ಎಂಥ ಕ್ಷಮೆ?"

ಅವನು ಹೇಳಿದ. ಒಂದೊಂದೇ ಮಾತನ್ನು ಬಾವಿಯಿಂದ ಸೇದಿದಂತೆ. ಮುಗಿದಾಗ ಇರುವೆಗೆ ಇನ್ನು ತಡೆಯಲಾಗಲಿಲ್ಲ.

"ಅಮ್ಮ, ಅವರದ್ದಲ್ಲ ತಪ್ಪು... ನನ್ನದು! ಅಕ್ಕ ನನ್ನನ್ನ ಕರೆದಿದ್ದಳು. ನನಗೆ ಎಚ್ಚರ ಇತ್ತು. ಸುಮ್ಮನೆ ಕಣ್ಣು ಮುಚ್ಕೊಂಡಿದ್ದೆ. ನಾನು ಜೊತೆಗೆ ಹೋಗಿದ್ರೆ..."

ಅವನು ಚಕ್ಕನೆ ತಲೆಯೆತ್ತಿದ. "ಅದಕ್ಕೇನಾ ಅವತ್ತು ಓಡಿಹೋದದ್ದು?"

"ಮತ್ತೆ?"

"ನೀವು ನನ್ನನ್ನ ಅಸಹ್ಯ ಪಡ್ತೀರ ಅಂದ್ಕೊಂಡೆ..."

"ನನ್ನ ಬಗ್ಗೆ ನನಗೇ ಅಸಹ್ಯ ಆಗಿತ್ತು!"

ತಾಯಿ ಬಾಯಿಯ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಬಟ್ಟೆಗೆ ಚುಚ್ಚಿದರು. ಕಣ್ಣು ಒರೆಸಿಕೊಳ್ಳಲಿಲ್ಲ. ನೀರು ತಾನಾಗಿಯೇ ಇಳಿಯುತ್ತಿತ್ತು.

"ನೀನು ಹೋಗಿದ್ರೆ ಇವತ್ತು ನಿನ್ನ ತಾಯಿ ನನ್ನ ಹಾಗೆ ಕೂತಿರ್ತಿದ್ದಳು. ಅಷ್ಟೇ. ಗಾಳಿಗೆ ಯಾರ ಗುರುತು ಇರತ್ತಮ್ಮ?" ಎಂದರು. "ಒಬ್ಬ ನಾನು ಕಳಿಸ್ದೆ ಅಂತಾನೆ, ಒಬ್ಬಳು ನಾನು ಹೋಗಲಿಲ್ಲ ಅಂತಾಳೆ. ನನ್ನ ಮಗಳು ಏನು ಗಂಟುಮೂಟೆನಾ, ನೀವು ಕಳಿಸಿದಲ್ಲಿಗೆ ಹೋಗೋಕೆ? ಐದು ವರ್ಷದವಳಿದ್ದಾಗಲೇ ಬಟ್ಟೆ ಒಗೆಯೋ ತೊಟ್ಟಿಯಲ್ಲಿ ಕೂತು 'ಅಮ್ಮ, ದೋಣಿ' ಅಂತಿದ್ದಳು. ಅವತ್ತು ಬೆಳಿಗ್ಗೆ ನನಗೆ ಫೋನ್ ಮಾಡಿದ್ದಳು, ಗೊತ್ತಾ? 'ಇವತ್ತು ದೋಣಿ ಪೂರ್ತಿ ನನ್ನದೇ ಅಮ್ಮ' ಅಂತ ಕುಣೀತಿದ್ದಳು. ಆ ಖುಷಿ ಅವಳದು. ಅದನ್ನ ನಿಮ್ಮ ತಪ್ಪು ಅಂತ ಹೇಳಿ ಅವಳಿಂದ ಕಿತ್ಕೋಬೇಡಿ."

ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಒಂದು ವರ್ಷ ಕಲ್ಲಾಗಿದ್ದದ್ದು ಆ ಹೊಲಿಗೆ ಯಂತ್ರದ ಪಕ್ಕದಲ್ಲಿ ಕರಗಿತು. ತಾಯಿ ಅವನ ತಲೆ ನೇವರಿಸಿದರು.

"ಅಳು. ಅತ್ತು ಮುಗಿಸಿ ಗೇಟಿಗೆ ಇನ್ನೊಂದು ಕೈ ಬಣ್ಣ ಬಳಿ. ಎಡಗಡೆ ಪಟ್ಟೆಪಟ್ಟೆ ಕಾಣ್ತಿದೆ."

ಅಳುವಿನ ನಡುವೆಯೇ ಮೂವರಿಗೂ ನಗು ಬಂತು.

* * *

ಬಣ್ಣ ಮುಗಿಯುವ ಹೊತ್ತಿಗೆ ಬಿಸಿಲು ಬಾಡಿತ್ತು. ಹೊಸದಾಗಿ ಕಟ್ಟಿದ ಮೆಟ್ಟಿಲ ಮೇಲೆ ಇಬ್ಬರೂ ಕೂತರು. ಒಳಗೆ ಯಂತ್ರ ಟಕಟಕ ಓಡುತ್ತಿತ್ತು.

"ಮುಂದಿನ ತಿಂಗಳು ನನ್ನ ಮಾರ್ಗದರ್ಶಕರನ್ನ ನೋಡ್ತೀನಿ," ಎಂದ ಅವನು. "ಮತ್ತೆ ಸೇರಿಸ್ಕೋತಾರಾ ಅಂತ ಕೇಳ್ತೀನಿ. ನೀರಿಗಿಳಿಯೋಕೆ ಧೈರ್ಯ ಬರತ್ತೋ ಇಲ್ವೋ, ಗೊತ್ತಿಲ್ಲ."

"ದಡದಲ್ಲಿ ನಾನಿರ್ತೀನಿ. ಅಲ್ಲೂ ಇರುವೆಗಳು ಇರ್ತವೆ."

ಅವನು ಅವಳ ಕಡೆ ನೋಡಿದ.

"ನಾನು ಸೋಮವಾರ ಬರ್ತಿದ್ದಿದ್ದು ಅವಳ ಸಾಲಿಗೋಸ್ಕರ ಅಂತ ನನಗೇ ಸುಳ್ಳು ಹೇಳ್ಕೋತಿದ್ದೆ. ಬರದೇ ಇದ್ದ ವಾರಗಳಲ್ಲಿ ಗೊತ್ತಾಯ್ತು. ಸಾಲುಗಳನ್ನ ನಾನು ಸ್ಟೋರಲ್ಲೇ ಕೂತು ಓದ್ತಿದ್ದೆ. ಆದ್ರೂ ಏನೋ ಸಿಗ್ತಿರಲಿಲ್ಲ... ನಿಮ್ಮ ದನಿ ಸಿಗ್ತಿರಲಿಲ್ಲ."

ಅವಳು ಪೂರ್ತಿ ಅವನತ್ತ ತಿರುಗಿದಳು. "ಅಂದ್ರೆ?"

"ಅಂದ್ರೆ... ನನಗೆ ನಿಮ್ಮನ್ನ ಕಂಡ್ರೆ ತುಂಬಾ ಇಷ್ಟ."

"ನಿಮ್ಮನ್ನ ಅಂದ್ರೆ ಯಾರನ್ನ? ಇಲ್ಲಿ ನಾನೊಬ್ಬಳೇ ಇದ್ದೀನಿ."

ಅವನ ಕಿವಿಗಳು ಕೆಂಪಾದವು.

"ನಿನ್ನನ್ನ," ಎಂದ, ಮೆಲ್ಲಗೆ.

ಅವಳು ಬಣ್ಣ ಮೆತ್ತಿದ ಅವನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಇನ್ನೊಂದ್ಸಲ ಹೇಳು."