ಮೀಟಿಂಗ್ ದೀಪ

ಮೆಟ್ಟಿಲ ಬುಡದಲ್ಲಿ ಅಪ್ಪ ಯಾರನ್ನೋ ತಡೆಯುತ್ತಿದ್ದ.

“ಕೆಂಪು ಐತಲ್ಲಪ್ಪಾ, ಕಾಣಲ್ವಾ? ಮೀಟಿಂಗ್ ನಡೀತೈತೆ. ನಿಂತ್ಕ.”

ಮಹಡಿ ಕೋಣೆಯಲ್ಲಿ ಮೀನಾಕ್ಷಿ ದನಿ ಏರಿಸಿದಳು. “ಯೆಸ್, ಯೆಸ್, ಫ್ರೈಡೇ ಒಳಗೆ ಕಳಿಸ್ತೀನಿ” ಎಂದು ಮುಚ್ಚಿದ ಲ್ಯಾಪ್‌ಟಾಪಿಗೆ ಹೇಳಿದಳು.

ಅಪ್ಪ ಪಾಲಣ್ಣ ಚಿಕ್ಕಜಾಜೂರು ರೈಲು ಜಂಕ್ಷನ್ನಿನಲ್ಲಿ ಸಿಗ್ನಲ್ ನೋಡಿ ಹಳಿ ತಿರುಗಿಸುತ್ತ ಮೂವತ್ತೊಂದು ವರ್ಷ ಪಾಯಿಂಟ್ಸ್‌ಮನ್ ಆಗಿದ್ದವನು. ದೊಡ್ಡ ಟೆಕ್ ಕಂಪನಿಯ ಕೆಲಸವನ್ನು ಮಗಳು ಇನ್ನು ಮನೆಯಿಂದಲೇ ಮಾಡುತ್ತಾಳೆಂದು ಕೇಳಿದ ದಿನವೇ ಅವಳ ಬಾಗಿಲ ಮೇಲೊಂದು ಕೆಂಪು ಬಲ್ಬು ಹಾಕಿಸಿದ. ಸ್ವಿಚ್ಚು ಒಳಗೆ. ದೀಪ ಉರಿಯುತ್ತಿದ್ದರೆ ಯಾರೂ ಮೆಟ್ಟಿಲು ಹತ್ತುವಂತಿಲ್ಲ, ಮಿಕ್ಸಿ ತಿರುಗಿಸುವಂತಿಲ್ಲ. ತನಗೇ ಕೆಮ್ಮು ಬಂದರೂ ಹಿತ್ತಿಲಿಗೆ ಹೋಗಿ ಕೆಮ್ಮಿ ಬರುತ್ತಿದ್ದ.

ಅವಳು ಕೆಲಸ ಬಿಟ್ಟು ನಾಲ್ಕು ತಿಂಗಳಾಗಿತ್ತು. ಕೊನೆಯ ವರ್ಷ ಅವಳ ಕೆಲಸ ಇಷ್ಟೇ: ತಂಡದ ಹನ್ನೊಂದು ಜನಕ್ಕೆ ಅಂಕ ಹಾಕಿ, ಕೆಲಸದಿಂದ ತೆಗೆಯಲು ಕೊನೆಯ ಇಬ್ಬರ ಹೆಸರು ಮೇಲಕ್ಕೆ ಕಳಿಸುವುದು. ಮೂರನೇ ಸಲ ಕಳಿಸಬೇಕಾದಾಗ ತನ್ನ ರಾಜೀನಾಮೆ ಕಳಿಸಿದಳು. ತ್ಯಾಗವೇನಲ್ಲ, ಸಾಕಾಗಿತ್ತು. ಊರಿಗೆ ಬಂದು, ಇನ್ನು ಮನೆಯಿಂದಲೇ ಕೆಲಸ ಎಂದಳು; ನಿಜವನ್ನು ಒಂದು ವಾರ ಬಿಟ್ಟು ಹೇಳೋಣ ಎಂದುಕೊಂಡಳು. ಅಷ್ಟರಲ್ಲಿ ಬಲ್ಬು ಬಂದಿತ್ತು.

“ಮೀಟಿಂಗಾ?” ಕೆಳಗೆ ಹೊಸ ದನಿ ಕೇಳಿತು. “ಯಜಮಾನ್ರೆ, ನಿಮ್ ಬೀದೀಗೆ ಇಂಟರ್‌ನೆಟ್ಟೇ...” ಮಾತು ಅಷ್ಟಕ್ಕೇ ನಿಂತಿತು. ಆಮೇಲೆ, “ಇರ್ಲಿ ಬಿಡ್ರಿ. ಮುಗಿಯೋಗಂಟ ಕುಂತಿರ್ತೀನಿ.”

ಅವಳು ದೀಪ ಆರಿಸಿದಳು. ಬಂದವನು ಹೊಳಲ್ಕೆರೆಯ ಬ್ರಾಡ್‌ಬ್ಯಾಂಡ್ ಆಫೀಸಿನ ಗಿರೀಶ. ಹೆಗಲಿಗೆ ಕೇಬಲ್ಲಿನ ಸುರುಳಿ. ಸೀದಾ ರೂಟರ್ ಮುಂದೆ ಕುಕ್ಕರಗಾಲಲ್ಲಿ ಕೂತ. ಅದರ ಮೇಲೂ ಲೈನ್ ಇಲ್ಲವೆನ್ನುವ ಪುಟ್ಟದೊಂದು ಕೆಂಪು ದೀಪ ಮಿಟುಕುತ್ತಿತ್ತು. ಎಂದಿನಿಂದ ಎಂದು ಅವಳಿಗೆ ಗೊತ್ತಿರಲಿಲ್ಲ. ಇಡೀ ದಿನ ಫೋನಿನ ಡೇಟಾದಲ್ಲಿ ಹಾಳುಮೂಳು ನೋಡುತ್ತ ಕೂರುವವಳಿಗೆ ರೂಟರ್ ಯಾಕೆ?

“ಶನಿವಾರ ಸ್ಟೇಷನ್ ರೋಡ್‌ನಾಗೆ ಜೆಸಿಬಿ ಕೇಬಲ್ ಕಿತ್ತಾಕ್ತು,” ಅವನು ಮೆಲ್ಲಗೆ ಹೇಳಿದ. “ಇವತ್ತು ಮಂಗಳವಾರ. ಬೀದಿಯೋರೆಲ್ಲ ಫೋನ್ ಮಾಡಿ ಬೈದ್ರು, ಸೀರಿಯಲ್ ನೋಡೋ ಅಜ್ಜೀರ ಸಮೇತ. ನಿಮ್ಮನೆಯಿಂದ ಮಾತ್ರ ಬೈಗುಳ ಬರ್ಲಿಲ್ಲ. ಅದ್ಕೇ ನೋಡಾಣ ಅಂತ ಬಂದೆ.”

ಅವನು ತಿರುಗಿ ನೋಡಿದ. ತುಟಿ ಬಿಗಿಯಾಗಿತ್ತು, ಕಣ್ಣು ಮಾತ್ರ ನಗುತ್ತಿತ್ತು.

“ಮೀಟಿಂಗ್ ಚೆಂದಾಗಾಯ್ತಾ, ಮೇಡಂ?”

“ಕೆಲಸ ಬಿಟ್ಟೀನಿ ಅಂತ ಅಪ್ಪನಿಗೆ ಹೇಳ್ತೀರಾ?”

“ನಾನು ಲೈನ್ ನೋಡೋನು. ಮನೆ ನೋಡೋನಲ್ಲ.”

ಬುಧವಾರ ಅವನು “ಕನೆಕ್ಟರ್ ಲೂಸ್ ಇರ್ಬೋದು” ಎಂದು ಬಂದ. ಗುರುವಾರ “ಸ್ಪೀಡ್ ನೋಡ್ಬೇಕು” ಎಂದು ಬಂದ. ಅಂಗಿಗೆ ಇಸ್ತ್ರಿ ಬಿದ್ದಿತ್ತು. ಯಾರೂ ಬಾರದ ಮೀಟಿಂಗಿಗೆ ತಾನು ಎರಡು ಸಲ ಜಡೆ ಹೆಣೆದುಕೊಂಡದ್ದು ಮೀನಾಕ್ಷಿಗೆ ಆಗ ಹೊಳೆಯಿತು.

ಕೇಬಲ್ಲಿನೊಳಗಿನ ಕೂದಲಷ್ಟು ತೆಳ್ಳಗಿನ ಗಾಜಿನ ಎಳೆಯನ್ನು ಅವನು ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದ. ತೆರೆದ ಕಣ್ಣು ಎಳೆಯನ್ನು ದಾಟಿ ಅವಳ ಮೇಲಿತ್ತು.

“ಎಲ್ಲಿ ನೋಡ್ತಿದ್ದೀರಿ?”

“ಲೈನು.” ನಾಲಗೆ ಕಚ್ಚಿಕೊಂಡು ಅವನು ಮಾತು ತಿರುಗಿಸಿದ. “ನಾನೂ ಎರಡು ವರ್ಷ ನಿಮ್ ಕಂಪನೀನಾಗೇ ಇದ್ದೆ. ಅಂದ್ರೆ ನಿಮ್ ಕಾಲ್ ಕೆಳಗೆ. ನೆಲದ ಹಲಗೆ ಎತ್ತಿ ಕೇಬಲ್ ಎಳೀತಿದ್ದೆ. ಕಂಟ್ರಾಕ್ಟು. ನಿಮ್ದು ನೀಲಿ ಐಡಿ ಕಾರ್ಡು, ನಮ್ದು ಹಳದಿ.”

“ಬಿಟ್ಟಿದ್ದಕ್ಕೆ ಬೇಜಾರಿಲ್ವಾ?”

“ಎ.ಸಿ. ನೆನೆಸ್ಕಂಡ್ರೆ ಐತೆ. ಬ್ಯಾಸ್ಗೇನಾಗೆ ಕಂಬ ಹತ್ತಿದಾಗೆಲ್ಲ ಐತೆ. ನಿಮ್ಗೆ?”

ಅವಳು ತನ್ನ ಕೋಣೆಯ ಬಾಗಿಲ ಕಡೆ ನೋಡಿದಳು. ಕಂಪನಿಯಲ್ಲಿ ಕಾರ್ಡು ತೋರಿಸಿದರೆ ಬಾಗಿಲು ತಾನಾಗಿ ತೆರೆಯುತ್ತಿತ್ತು. ಇಲ್ಲಿ ಒಂಬತ್ತೂವರೆಯಿಂದ ಆರೂವರೆಯವರೆಗೆ ಹತ್ತಡಿ ಕೋಣೆ, ತಾನೇ ಹಚ್ಚಿದ ದೀಪ, ಕೆಳಗೆ ಉಸಿರು ಬಿಗಿಹಿಡಿದ ಮನೆ. ಕಂಪನಿಗೆ ರಾಜೀನಾಮೆ ಕೊಡಬಹುದಿತ್ತು. ಇದಕ್ಕೆ ಯಾರಿಗೆ ಕೊಡುವುದು?

ಶುಕ್ರವಾರ ಬೆಳಿಗ್ಗೆ ತಿಂಡಿ ಬಡಿಸುತ್ತ ಅವ್ವ ನಾಗಕ್ಕ ಉಬ್ಬಿಹೋಗಿದ್ದಳು. “ಭಾನುವಾರ ಹೊಸದುರ್ಗದೋರು ನಿನ್ನ ನೋಡಾಕೆ ಬರ್ತಾರೆ ಕಣೇ. ಹುಡುಗ ಶಿವರಾಜ್ ನಿನ್ ಕಂಪನೀನೇ ಅಂತೆ! ಇವತ್ತು ಅದ್ಯಾವ್ದೋ ಲಿಸ್ಟ್‌ನಾಗೆ ನಿನ್ ಹೆಸ್ರು ಹುಡುಕಿ ಮೆಸೇಜ್ ಕಳಿಸ್ತಾನಂತೆ.”

ನೌಕರರ ಆ ಲಿಸ್ಟಿನಿಂದ ಹೆಸರು ಅಳಿಸಿಹೋಗುವುದು ಕೆಲಸ ಬಿಟ್ಟ ಸಂಜೆಯೇ. ಮೀನಾಕ್ಷಿ ಮೇಲೆ ಹೋಗಿ ದೀಪ ಹಚ್ಚಿ ಕೂತಳು. ಹನ್ನೊಂದಕ್ಕೆ ಗಿರೀಶನ ಬೈಕಿನ ಸದ್ದು ಕೇಳಿದ್ದೇ ಬಾಗಿಲು ತೆರೆದು “ಬರ್ರಿ” ಎಂದು ಕರೆದಳು. ದೀಪ ಆರಿಸುವುದು ಮರೆತಿತ್ತು.

“ಇವತ್ತು ಲೈನಿಗೆ ಏನಾಗೈತೆ?” ಎಂದು ಕೇಳಿದಳು.

ಅವನು ಚೀಲ ಕೆಳಗಿಡಲಿಲ್ಲ. “ಏನೂ ಆಗಿಲ್ಲ. ನಿನ್ನೆನೂ ಆಗಿರ್ಲಿಲ್ಲ. ಮಂಗಳವಾರವೇ ಸರಿಯಾಗೈತೆ.”

“ಮತ್ಯಾಕೆ ಬರ್ತಿದ್ರಿ?”

“ಯಾರೂ ಇಲ್ದಿರೋ ಮೀಟಿಂಗ್ ಮಾಡ್ತೀರಲ್ಲ. ಕೇಳೋಕೆ ಒಬ್ಬನಾದ್ರೂ ಇರ್ಲಿ ಅಂತ.”

ಅವಳಿಗೆ ನಗು ಬಂತು, ಜೊತೆಗೇ ಕಣ್ಣೀರೂ. ಶಿವರಾಜನ ವಿಷಯ ಹೇಳಿದಳು. ಗಿರೀಶನ ಮುಖ ಸಪ್ಪಗಾಯಿತು. “ನಾನು ಹೇಳ್ಲಾ ನಿಮ್ಮಪ್ಪಾರಿಗೆ?”

“ಏನಂತ?”

ಅವನು ಬಾಯಿ ತೆರೆಯುವಷ್ಟರಲ್ಲಿ ಕೆಳಗಿನಿಂದ ಪಾಲಣ್ಣ ಕೂಗಿದ. “ಏನಪ್ಪ ಗಿರೀಶ, ಕೆಂಪು ಉರೀತೈತೆ! ನಿಂದೂ ಮೀಟಿಂಗಾ?”

ತೆರೆದ ಬಾಗಿಲಿನಿಂದ ಮೀನಾಕ್ಷಿಗೆ ಅಪ್ಪ ಕಂಡ. ಮಗಳ ಕೋಣೆಯಲ್ಲಿ ಒಬ್ಬ ಹುಡುಗನಿದ್ದಾನೆ, ಮನಸ್ಸಿಗೆ ಸರಿ ಬರುತ್ತಿಲ್ಲ, ಮೇಲೆ ಬರಬೇಕೆಂದು ಮೊದಲ ಮೆಟ್ಟಿಲಿಗೆ ಕಾಲಿಟ್ಟಿದ್ದಾನೆ. ಎರಡನೆಯದಕ್ಕೆ ಇಡುತ್ತಿಲ್ಲ. ದೀಪ ನೋಡುತ್ತಿದ್ದಾನೆ.

ಅವಳು ಸ್ವಿಚ್ಚು ಒತ್ತಿ, ಕೆಳಗಿಳಿದು ಅವನ ಮುಂದೆ ನಿಂತಳು.

“ಅಪ್ಪಾ, ಕೆಲಸ ಬಿಟ್ಟುಬಿಟ್ಟೀನಿ. ನಾಲ್ಕು ತಿಂಗ್ಳಾಯ್ತು. ಮೀಟಿಂಗ್ ಯಾವ್ದೂ ಇರ್ಲಿಲ್ಲ.”

ಪಾಲಣ್ಣ ಆರಿದ ಬಲ್ಬನ್ನು ನೋಡಿದ. “ಸುಳ್ ಸಿಗ್ನಲ್ ಕೊಟ್ಯಾ?” ಎಂದ. ಅವನ ಬಾಯಲ್ಲಿ ಇದಕ್ಕಿಂತ ಕೆಟ್ಟ ಬೈಗುಳವನ್ನು ಅವಳು ಕೇಳಿರಲಿಲ್ಲ. “ನಮ್ ಕೆಲ್ಸದಾಗೆ ಇದಕ್ಕೆ ಜನ ಸಾಯ್ತಾರೆ.”

ಆಮೇಲೆ ನಡುಮನೆಯಲ್ಲೇ ನಿಂತು ಜೋರಾಗಿ ಕೆಮ್ಮಿದ. ಹಿತ್ತಿಲಿಗೆ ಹೋಗಲಿಲ್ಲ. ನಾಲ್ಕು ತಿಂಗಳದ್ದೆಲ್ಲ ಸೇರಿಸಿ ಕೆಮ್ಮಿದಂತಿತ್ತು.

“ಹೊಸದುರ್ಗದೋರಿಗೆ ಏನಂತ ಹೇಳ್ಲಿ?” ಅಡುಗೆಮನೆ ಬಾಗಿಲಲ್ಲಿ ನಾಗಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಕೇಳಿದಳು.

“ಬರಬ್ಯಾಡ್ರಿ ಅಂತ ಹೇಳು.” ಅವನು ಮಗಳ ಕಡೆ ತಿರುಗಿದ. “ಬಿಟ್ಟಿದ್ದಕ್ಕೆ ಬೇಜಾರೈತಾ?”

“ದಿನಕ್ಕೊಂದ್ಸಲ ಬರ್ತೈತಪ್ಪಾ. ಇವತ್ತಿಂದು ಇನ್ನೂ ಬಂದಿಲ್ಲ.”

ಪಾಲಣ್ಣ ಮೆಟ್ಟಿಲ ಮೇಲೆ ಚೀಲ ಹಿಡಿದು ನಿಂತಿದ್ದ ಗಿರೀಶನನ್ನು ನೋಡಿದ. “ಏನಪ್ಪ, ನಿನ್ ಲೈನ್ ಸರಿಯಾಯ್ತಾ?”

ಗಿರೀಶ ತಡವರಿಸಿದ. ಮೀನಾಕ್ಷಿಯೇ ಹೇಳಿದಳು.

“ಮಂಗಳವಾರದಿಂದ್ಲೇ ಸರಿ ಐತಪ್ಪಾ. ಸುಮ್ನೆ ಬರ್ತಿದ್ರು.”

ಅಪ್ಪ ಅವಳನ್ನು ನೋಡಿದ, ಅವನನ್ನು ನೋಡಿದ. ಮುಖದ ಸಿಟ್ಟು ಪೂರಾ ಇಳಿದಿರಲಿಲ್ಲ.

“ಇವತ್ತು ಯಾರೂ ಸುಳ್ಳು ಉಳಿಸ್ಕಂಡಿಲ್ಲ ಅನ್ನಂಗಾಯ್ತು,” ಎಂದು ಗೊಣಗಿದ. “ಲೇ ನಾಗಿ, ಮಿಕ್ಸಿ ತಿರುಗ್ಸು. ಈ ಹುಡುಗ ಉಂಡು ಹೋಗ್ಲಿ.”

ಅಡುಗೆಮನೆಯಲ್ಲಿ ಹಾಡುಹಗಲೇ ಮಿಕ್ಸಿ ಗರ್ಜಿಸಿತು. ಗಿರೀಶ ಮೆಟ್ಟಿಲಿಳಿದು ಬಂದು, ಅವಳ ಪಕ್ಕ ನಿಂತು ಏನೋ ಹೇಳಿದ. ಸದ್ದಿನಲ್ಲಿ ಒಂದಕ್ಷರವೂ ಕೇಳಿಸಲಿಲ್ಲ.

“ಕೇಳಿಸ್ಲಿಲ್ಲ,” ಎಂದಳು ಮೀನಾಕ್ಷಿ, ಅವನ ಕಣ್ಣು ಬಿಡದೆ. “ಇನ್ನೊಂದ್ಸಲ ಹೇಳ್ರಿ. ಜೋರಾಗಿ.”